ಪರನುಡಿಯ ಪಾಠಶಾಲೆ

ಸ್ವದೇಶವನ್ನು ತೊರೆದು ಬಂದ ಮಕ್ಕಳ ಕಥೆಯನ್ನು ಹೇಳುವ ಗ್ರಂಥಗಳಿಗೆ ಸಾಮಾನ್ಯವಾಗಿ ಒಂದು ಕ್ರಮವುಂಟು. ಮೊದಲು ಹೊಸ ಶಾಲೆಯಲ್ಲಿ ಮೂಕಭಾವ. ನಡುವೆ ಕರುಣಾಳುವಾದ ಒಬ್ಬ ಉಪಾಧ್ಯಾಯಿನಿ. ಕಡೆಗೆ ಪರೀಕ್ಷೆಯಲ್ಲಿ ಜಯ. ಜೂಡಿತ್ ಕೆರ್ ಎಂಬ ಲೇಖಕಿಯು ಇಂಗ್ಲಿಷಿನಲ್ಲಿ ರಚಿಸಿದ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ್ಯಾಬಿಟ್’ (1971) ಎಂಬ ಕಾದಂಬರಿಯೂ ಮೇಲುನೋಟಕ್ಕೆ ಈ ಜಾಡಿನಲ್ಲಿಯೇ ನಡೆಯುತ್ತದೆ. ಅದನ್ನೋದಿ ಸಂತೋಷಪಟ್ಟು, ಮುಂದಿನ ಭಾಗವಾದ ‘ದಿ ಅದರ್ ವೇ ರೌಂಡ್’ (1975) ಎಂಬುದನ್ನು ಓದದೆ ಬಿಟ್ಟವರು ಕಥೆಯ ಅರ್ಧವನ್ನು ಮಾತ್ರ, ಅದರಲ್ಲಿಯೂ ಸುಲಭವಾದ ಅರ್ಧವನ್ನು ಮಾತ್ರ ಕೇಳಿದವರೆಂದು ನಮ್ಮ ಭಾವನೆ.

ಕಥೆಯು ಬಹುಮಟ್ಟಿಗೆ ಗ್ರಂಥಕರ್ತ್ರಿಯ ಸ್ವಂತ ಬಾಳಿನದೇ. ತಂದೆ ಆಲ್ಫ್ರೆಡ್ ಕೆರ್ ಬರ್ಲಿನ್ ನಗರದ ಹೆಸರಾಂತ ನಾಟಕ ವಿಮರ್ಶಕ, ಯೆಹೂದಿ, ನಾಜಿಗಳ ಬದ್ಧವಿರೋಧಿ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬರಲು ಈ ಸಂಸಾರವು ಸ್ವಿಟ್ಸರ್ಲೆಂಡಿಗೂ ಅಲ್ಲಿಂದ ಪ್ಯಾರಿಸಿಗೂ ಕಡೆಗೆ ಲಂಡನ್ನಿಗೂ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಆತನ ಗ್ರಂಥಗಳನ್ನು ಸುಟ್ಟರು. ಕಾದಂಬರಿಯಲ್ಲಿ ಜೂಡಿತಳು ಆನಾ ಆಗಿದ್ದಾಳೆ. ಅವಳ ಅಣ್ಣ ಮೈಕೇಲನು ಮ್ಯಾಕ್ಸ್ ಆಗಿದ್ದಾನೆ.

ಮೊದಲ ಭಾಗದ ಶಾಲಾದೃಶ್ಯಗಳು ಮನೋಜ್ಞವಾದವು. ಸ್ವಿಸ್ ಹಳ್ಳಿಯಲ್ಲಿ ಹುಡುಗರು ಆನಾಳ ಮೇಲೆ ಕಲ್ಲೆಸೆಯುತ್ತಾರೆ. ಅದು ಹಗೆಯಲ್ಲ, ಅಲ್ಲಿಯ ಒಲುಮೆಯ ರೀತಿಯೆಂದು ತಿಳಿಯಲು ಅವಳಿಗೆ ಕಾಲ ಹಿಡಿಯುತ್ತದೆ. ಪ್ಯಾರಿಸಿನಲ್ಲಿ ಕಷ್ಟವು ಬೇರೆ ಬಗೆಯದು. ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಜರ್ಮನಿಂದ ಫ್ರೆಂಚಿಗೆ ಹೊತ್ತು ಸಾಗಿಸಬೇಕು. ಸಾಗಿಸಿ ಮುಗಿಸುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ. ಹೀಗೆ ತಿಂಗಳುಗಟ್ಟಲೆ ಬಳಲಿದ ಮೇಲೆ ಒಂದು ದಿನ, ಯಾವ ಪ್ರಯತ್ನವೂ ಇಲ್ಲದೆ, ಫ್ರೆಂಚ್ ತಾನಾಗಿಯೇ ನಾಲಗೆಗೆ ಬಂದುಬಿಡುತ್ತದೆ. ಪರಭಾಷೆಯನ್ನು ಕಷ್ಟಪಟ್ಟು ಕಲಿತವರಾರೂ ಈ ಪುಟವನ್ನು ಮರೆಯಲಾರರು. ಮ್ಯಾಕ್ಸನ ಸ್ವಭಾವವಾದರೋ ಬೇರೆ. ಉಡುಪಿನಲ್ಲಿ, ಮಾತಿನಲ್ಲಿ, ನಡಿಗೆಯಲ್ಲಿ ಸಹ ಸಹಪಾಠಿಗಳಂತೆಯೇ ಆಗಬೇಕೆಂಬ ಹಟ ಅವನದು. ಆನಾಳಿಗೆ ಆ ಹಟವಿಲ್ಲ. ತಾಯಿತಂದೆಗಳು ಜೊತೆಯಲ್ಲಿರುವಷ್ಟು ಕಾಲ ತಾನು ಪರದೇಶಿಯೆಂಬುದು ಅವಳನ್ನು ಅಷ್ಟಾಗಿ ಬಾಧಿಸದು.

ಎರಡನೆಯ ಭಾಗದಲ್ಲಿ ಇದೇ ಮಾತು ತಿರುಗುಮುರುಗಾಗುತ್ತದೆ. ಹೆಸರು ಸೂಚಿಸುವುದೂ ಅದನ್ನೇ. ಈಗ ಆನಾ ಹದಿಹರೆಯದವಳು. ಯುದ್ಧ ನಡೆದಿದೆ. ಸಂಸಾರವು ಲಂಡನ್ನಿನ ಬಡ ಹೋಟೆಲೊಂದರಲ್ಲಿದೆ. ಶಾಲೆ ಮುಗಿಸಿದ ಹುಡುಗಿ ಶೀಘ್ರಲಿಪಿ ಕಲಿಯುತ್ತಾಳೆ. ಪ್ಯಾರಿಸಿನಲ್ಲಿ ತಂದೆಯ ಬರಹಕ್ಕೆ ಅಲ್ಪಸ್ವಲ್ಪವಾದರೂ ಎಡೆಯಿತ್ತು. ಇಲ್ಲಿ ಅದೂ ಇಲ್ಲ. ಜರ್ಮನ್ ಗದ್ಯಕ್ಕೆ ಹೊಸ ಬೆಡಗನ್ನು ತಂದವನು ಇಂಗ್ಲಿಷಿನಲ್ಲಿ ತಡವರಿಸುತ್ತಾನೆ. ಮಕ್ಕಳ ಬಾಯಲ್ಲಿ ಇಂಗ್ಲಿಷ್ ಹರಳುಗಟ್ಟಿದಷ್ಟೂ ತಂದೆಯ ಮೌನ ಹೆಚ್ಚುತ್ತದೆ. ಒಮ್ಮೆ ತಾಯಿತಂದೆಗಳ ಬಳಿಯಲ್ಲಿದ್ದರೆ ಸಾಕು, ಅದೇ ಮನೆಯೆಂದುಕೊಂಡಿದ್ದವರು ಮಕ್ಕಳು. ಈಗ ಮಕ್ಕಳ ಬಳಿಯಲ್ಲಿದ್ದಾಗ ಮಾತ್ರ ಮನೆಯೆಂಬ ಭಾವವುಳ್ಳವರು ಹಿರಿಯರು. ಶಾಲೆಯು ಮಗುವಿಗೆ ಕೊಟ್ಟ ಜಯದ ಬೆಲೆಯನ್ನು ಯಾರು ತೆತ್ತರೆಂಬುದನ್ನು ಇಷ್ಟು ಶಾಂತವಾಗಿ ಲೆಕ್ಕಹಾಕಿದ ಗ್ರಂಥವನ್ನು ನಾವು ಬೇರೆ ಕಂಡಿಲ್ಲ.

ಮ್ಯಾಕ್ಸನ ಗತಿಯನ್ನೂ ನೋಡಿರಿ. ಎಲ್ಲರಿಗಿಂತ ಚೆನ್ನಾಗಿ ಇಂಗ್ಲಿಷರವನಾದ ಈ ತರುಣನನ್ನು 1940ರಲ್ಲಿ, ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗಲೇ, ಶತ್ರುದೇಶದವನೆಂದು ಸೆರೆಗೊಯ್ಯುತ್ತಾರೆ. ಇದು ಕಲ್ಪನೆಯಲ್ಲ, ಆ ವರ್ಷ ಬ್ರಿಟನ್ ಹೀಗೆ ಬಂಧಿಸಿದವರು ಸುಮಾರು 27,000 ಮಂದಿ, ಅವರಲ್ಲಿ ಬಹುಪಾಲು ಹಿಟ್ಲರನಿಂದಲೇ ತಪ್ಪಿಸಿಕೊಂಡು ಬಂದವರು. ಮೈಕೇಲ್ ಕೆರ್ ಬಿಡುಗಡೆಯಾಗಿ, ವಾಯುಪಡೆಯನ್ನು ಸೇರಿ, ಮುಂದೆ ಅದೇ ದೇಶದ ಅಪೀಲು ನ್ಯಾಯಾಲಯದ ನ್ಯಾಯಾಧೀಶನಾದನು.

ನಮ್ಮ ಬೈಲಕುಪ್ಪೆಗೆ 1960ರ ಸುಮಾರಿನಲ್ಲಿ ಬಂದು ನೆಲೆಸಿದ ಟಿಬೆಟ್ಟಿನವರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳು ಏರ್ಪಟ್ಟುವು. ಅವರ ನುಡಿಗೂ ಅಲ್ಲಿ ಒಂದು ಹಲಗೆಬಳಪವಿತ್ತು. ಕೆರ್ ಮಕ್ಕಳಿಗೆ ಅಂಥ ಆಸರೆಯಿರಲಿಲ್ಲ; ಹೊಸ ನುಡಿಯೊಳಗೆ ಮುಳುಗಬೇಕು, ಇಲ್ಲವೆ ಹೊರಗೆ ನಿಲ್ಲಬೇಕು. ಯಾವುದು ಮೇಲೆಂಬ ಚರ್ಚೆ ಇಲ್ಲಿ ಬೇಡ.

ಗ್ರಂಥದಲ್ಲಿ ಕುಂದಿಲ್ಲವೆಂದಲ್ಲ. ಚಿತ್ರಕಲೆಯ ಉಪಾಧ್ಯಾಯನಲ್ಲಿ ಆನಾಳಿಗೆ ಹುಟ್ಟುವ ಅನುರಾಗದ ಪ್ರಕರಣವು ಆವಶ್ಯಕತೆಗಿಂತ ಉದ್ದವಾಯಿತು. ಅದಕ್ಕಿಂತ ದೊಡ್ಡ ದೋಷ ತಾಯಿಯ ವಿಷಯದಲ್ಲಿದೆ. ಸಂಪಾದಿಸಿ ಅನ್ನ ಹಾಕಿದವಳು ಅವಳು. ಮಗಳ ಮಮತೆಯೆಲ್ಲ ತಂದೆಗೆ. ಅವಳ ಸಿಡುಕು ಕಾಣುವಷ್ಟು ಅವಳ ಬಳಲಿಕೆ ಕಾಣದು. ಮೂರನೆಯ ಭಾಗವಾದ ‘ಎ ಸ್ಮಾಲ್ ಪರ್ಸನ್ ಫಾರ್ ಅವೇ’ (1978) ಈ ಋಣವನ್ನು ತೀರಿಸಲು ಯತ್ನಿಸುತ್ತದೆ. ತಡವಾಗಿಯಾದರೂ ಅದು ಯುಕ್ತವೇ.

ಆಲ್ಫ್ರೆಡ್ ಕೆರ್ 1948ರಲ್ಲಿ ಹ್ಯಾಂಬರ್ಗಿನಲ್ಲಿ ತೀರಿಕೊಂಡನು. ಅದಾದ 23 ವರ್ಷಗಳ ಮೇಲೆ ಮಗಳು ತನ್ನ ಮೂರನೆಯ ನುಡಿಯಲ್ಲಿ ಆತನ ಕಥೆಯನ್ನು ಬರೆದಳು. ಅದನ್ನು ಜರ್ಮನಿಗೆ ತಂದವಳು ಆಕೆಯಲ್ಲ, ಆನೆಮಾರೀ ಬಲ್ ಎಂಬ ಅನುವಾದಕಿ. 1974ರಲ್ಲಿ ಅದಕ್ಕೆ ಅಲ್ಲಿಯ ಬಾಲಸಾಹಿತ್ಯದ ಬಹುಮಾನ ಸಂದಿತು. ಜರ್ಮನಿಯ ತರಗತಿಗಳಲ್ಲಿ ಈಗ ಅದು ಪಾಠಪುಸ್ತಕ.