ಎಣ್ಣೆಗೊಂದು ತಂಪು ದಾರಿ

ಟರ್ಬೊ ಕಾರಿನಲ್ಲಿ ಎಣ್ಣೆಯ ಕೆಲಸ ಜಾರಿಕೆ ಕೊಡುವುದಷ್ಟೇ ಅಲ್ಲ. ನಿಗಿನಿಗಿ ಕಾದ ಟರ್ಬೊದ ಬೇರಿಂಗ್‌ಗಳಿಂದ ಬಿಸಿ ಹೊತ್ತು ತರುವುದೂ ಅದೇ. ರೇಸ್ ಟ್ರ್ಯಾಕ್‌ನಲ್ಲಿ ಅದು ವಿಪರೀತ ಕಾದು ತೆಳುವಾದರೆ ಒತ್ತಡ ಕುಸಿಯುತ್ತದೆ. ಆಗ ಬೇಕು ಸ್ವೀಡನ್ನಿನ ಸೆಟ್ರಾಬ್ ಕಂಪನಿಯಂಥವರ ಆಯಿಲ್ ಕೂಲರ್: ಅಲ್ಯೂಮಿನಿಯಂ ತಟ್ಟೆಗಳನ್ನು ಪೇರಿಸಿ ಬೆಸೆದ ಅಚ್ಚುಕಟ್ಟು ಕೆಲಸ.

ಆದರೆ ನನ್ನ ಮೆಚ್ಚುಗೆಯ ಸಿಂಹಪಾಲು ಎಂಜಿನ್ನಿಗೂ ಆಯಿಲ್ ಫಿಲ್ಟರಿಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟಿಗೆ. ಅದರೊಳಗಿನ ಥರ್ಮೋಸ್ಟಾಟ್ ಸುಮಾರು 80 ಡಿಗ್ರಿಯವರೆಗೆ ಬಹುಪಾಲು ಎಣ್ಣೆಯನ್ನು ಕೂಲರಿನತ್ತ ಬಿಡುವುದಿಲ್ಲ. ಅದಿಲ್ಲದಿದ್ದರೆ ಚಳಿಯಲ್ಲಿ ಎಣ್ಣೆ ಸರಿಯಾಗಿ ಕಾಯದು, ಸೇರಿದ ನೀರಿನಂಶವೂ ಆವಿಯಾಗದು. ಇನ್ನು, ಕೂಲರ್ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ವಾದ ನನಗೊಪ್ಪಿಗೆಯಿಲ್ಲ. ಗಾಳಿ ಹಾಯದ ಮೂಲೆಯಲ್ಲಿ ಎಷ್ಟು ದೊಡ್ಡದಿದ್ದರೇನು?

ಕೂಲರಿನ ಪೈಪುಗಳು ಎಲ್ಲೂ ಉಜ್ಜದಂತೆ ಕಟ್ಟಿ, ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ ಎಣ್ಣೆಯ ಮಟ್ಟ ಮತ್ತೊಮ್ಮೆ ನೋಡಿ. ಪೇಟೆಯೊಳಗಷ್ಟೇ ಓಡಿಸುವವರು ಕೂಲರಿನ ದುಡ್ಡು ಉಳಿಸಿಕೊಳ್ಳಬಹುದು.