ರೊಟ್ಟಿ ಬೇಯುವಷ್ಟು ಹಾಡು

ತಿಂಗಳ ಎರಡನೆಯ ರವಿವಾರ ಸಂಜೆ ನಾವು ಏಳೆಂಟು ಜನ ಧಾರವಾಡದ ಒಂದು ಮನೆಯಲ್ಲಿ ಸೇರುತ್ತೇವೆ. ಮನೆ ಬ್ಯಾಂಕಿನಿಂದ ನಿವೃತ್ತರಾದ ರಾಯರದು. ಅವರ ಪಡಸಾಲೆಯಲ್ಲಿ ಒಂದು ಹಳೆಯ ರಿಕಾರ್ಡ್ ಪ್ಲೇಯರ್ ಇದೆ. ಮುಳ್ಳು ಬದಲಿಸಿದರೆ 78ರ ತಟ್ಟೆಯೂ ಅದರ ಮೇಲೆ ತಿರುಗುತ್ತದೆ, ಎಲ್.ಪಿ.ಯೂ ತಿರುಗುತ್ತದೆ. ನಿಯಮ ಒಂದೇ. ಸರದಿ ಬಂದವರು ತಮಗೆ ಅತಿ ಪ್ರಿಯವಾದ ಒಂದು ರಿಕಾರ್ಡು ತಂದು ಎಲ್ಲರಿಗೂ ಕೇಳಿಸಬೇಕು. ಆಮೇಲೆ ‘ಇದೇ ಯಾಕೆ’ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಹಾಡು ನಡೆದಾಗ ಯಾರೂ ಮಾತಾಡುವಂತಿಲ್ಲ. ಒಳಗೆ ರಾಯರ ಮನೆಯವರು, ನಾವೆಲ್ಲ ವೈನಿ ಎಂದು ಕರೆಯುವವರು, ಅವಲಕ್ಕಿ ಹಚ್ಚುವ ಸಪ್ಪಳ ಮಾತ್ರ ಕೇಳುತ್ತಿರುತ್ತದೆ.

ಕೇಳಲಿಕ್ಕೆ ಇದು ಬಹಳ ಸುಲಭದ ನಿಯಮ. ಆದರೆ ನನ್ನ ಮೊದಲ ಸರದಿ ಬಂದಾಗ ನಾನು ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ನಿನ್ನ ಸ್ವಂತ ಮಾತಿನಲ್ಲಿ ಬರಿ’ ಎಂದು ಹೇಳುತ್ತ ಬಂದವಳು ನಾನು. ನನಗೆ ಯಾವ ಸಂಗೀತ ಸೇರುತ್ತದೆ ಎಂದು ಸ್ವಂತ ಮಾತಿನಲ್ಲಿ ಹೇಳುವ ಪ್ರಸಂಗ ಬಂದಾಗ ಬೆವರಿದೆ. ಕಡೆಗೆ ಮಲ್ಲಿಕಾರ್ಜುನ ಮನಸೂರರ ಒಂದು ಎಲ್.ಪಿ. ಒಯ್ದೆ. ಧಾರವಾಡದಲ್ಲಿ ಮನಸೂರರ ಹೆಸರು ಹೇಳಿದರೆ ಯಾರೂ ತಕರಾರು ತೆಗೆಯುವುದಿಲ್ಲವಲ್ಲ! ಅಪರೂಪದ ರಾಗಗಳು, ಜೈಪುರ ಘರಾಣೆಯ ಪೇಚಿನ ಲಯಕಾರಿ, ಉಸಿರಿನ ದೀರ್ಘತೆ ಎಂದು ಏನೇನೋ ಹೇಳಿದೆ. ಹೇಳಿದ್ದೆಲ್ಲ ಸರಿಯೇ. ರಾಯರು ನಕ್ಕು, “ಅಕ್ಕೋರ, ಅದು ಕವರಿನ ಹಿಂದ ಬರದದ್ದಾತು. ನಿಮಗ್ಯಾಕ ಸೇರ್ತದ, ಅದನ್ನ ಹೇಳ್ರಿ” ಎಂದರು. ಗೈಡು ನೋಡಿ ಉತ್ತರ ಬರೆದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೂತೆ.

ಮನೆಗೆ ಬಂದ ಮೇಲೆ ಯೋಚನೆ ಹತ್ತಿತು. ಮನಸೂರರ ಆ ರಿಕಾರ್ಡನ್ನು ನಾನು ಮೊದಲಿನಿಂದ ಕಡೆಯವರೆಗೆ ಎಷ್ಟು ಸಲ ಕೇಳಿದ್ದೇನೆ? ಪ್ರಾಮಾಣಿಕವಾಗಿ ಹೇಳುವುದಾದರೆ, ರಾಯರ ಮನೆಯಲ್ಲಿ ಕೇಳಿದ್ದೇ ಮೊದಲನೆಯ ಸಲ.

ನಮ್ಮ ಮನೆಯಲ್ಲಿ ಗ್ರಾಮಾಫೋನು ಕಾಕಾನದು. ಮೊದಲು ಕೀಲಿ ಕೊಡುವ ಪೆಟ್ಟಿಗೆ ಇತ್ತು. 1970ರ ದಶಕದಲ್ಲಿ ಎಚ್.ಎಂ.ವಿ.ಯವರ ಫಿಯೆಸ್ಟಾ ಬಂತು. ಅದನ್ನು ಮುಟ್ಟುವ ಅಧಿಕಾರ ಅವನೊಬ್ಬನಿಗೇ. ರಿಕಾರ್ಡನ್ನು ಅಂಚು ಹಿಡಿದು ತೆಗೆಯುವುದು, ಮೆತ್ತನೆಯ ಬಟ್ಟೆಯಿಂದ ಒರೆಸುವುದು, ಮುಳ್ಳು ಇಳಿಸುವುದು, ಎಲ್ಲ ಒಂದು ಪೂಜೆಯ ಹಾಗೆ ನಡೆಯುತ್ತಿತ್ತು. ಗಂಡಸರು ಪಡಸಾಲೆಯಲ್ಲಿ ಕೂತು ಕೇಳುವರು. ಅವ್ವ ಒಳಗೆ ಒಲೆಯ ಮುಂದೆ. ನಾನು ಎರಡರ ನಡುವೆ, ಹೊಸ್ತಿಲ ಮೇಲೆ. ‘ಚಹಾ ಆತೇನು ನೋಡು’ ಎಂದು ಹೊರಗಿನವರು ಒಳಗೆ ಕಳಿಸುವರು, ‘ರೊಟ್ಟಿ ಆದೂ, ಏಳಬೇಕಂತ ಹೇಳು’ ಎಂದು ಒಳಗಿನವರು ಹೊರಗೆ ಕಳಿಸುವರು. ನನ್ನ ಸಂಗೀತ ಜ್ಞಾನವೆಲ್ಲ ಹೀಗೆ ಓಡಾಡುವಾಗ ಕಿವಿಗೆ ಬಿದ್ದದ್ದು.

78ರ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷ ಹಾಡುತ್ತದೆ. ಹಂಚಿನ ಮೇಲೆ ಒಂದು ಜೋಳದ ರೊಟ್ಟಿ ಹಾಕಿ, ನೀರು ಹಚ್ಚಿ, ಮಗುಚಿ, ಕೆಂಡಕ್ಕೆ ಹಿಡಿದು ತೆಗೆಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅವ್ವ ಬಡಿಯುವ ಕೈ ನಿಲ್ಲಿಸಿ ರೊಟ್ಟಿ ಬೇಯುವಷ್ಟು ಹೊತ್ತು ಕೇಳುತ್ತಿದ್ದಳು. ಆದ್ದರಿಂದ 78ರ ಹಾಡುಗಳೆಲ್ಲ ಅವಳಿಗೆ ಪೂರ್ತಿ ಬರುತ್ತಿದ್ದವು. ಎಲ್.ಪಿ. ಬಂದಾಗ ಲೆಕ್ಕ ತಪ್ಪಿತು. ನಿಮಿಷಕ್ಕೆ 33 ಸುತ್ತು ಚಿಲ್ಲರೆ ತಿರುಗುವ ಆ ದೊಡ್ಡ ತಟ್ಟೆಯ ಒಂದೊಂದು ಮಗ್ಗುಲು ಇಪ್ಪತ್ತು ನಿಮಿಷ ಮೀರಿ ನಡೆಯುತ್ತದೆ. ವಿಲಂಬಿತದಲ್ಲಿ ಗಾಯಕರು ಮೆಲ್ಲಗೆ ರಾಗ ಬಿಡಿಸುವ ಹೊತ್ತಿಗೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಪಾತ್ರೆಯ ಸಪ್ಪಳ. ಅವ್ವ ಕೈ ತೊಳೆದುಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ದ್ರುತ್ ಕೂಡ ಮುಗಿಯುತ್ತ ಬಂದಿರುತ್ತಿತ್ತು. ಅವಳಿಗೆ ರಾಗಗಳ ಕಡೆ ಗೊತ್ತು, ಮೊದಲು ಗೊತ್ತಿಲ್ಲ.

ಅವ್ವನ ಪಾಲಿಗೆ ಪೂರ್ತಿ ಸಿಕ್ಕ ಎಲ್.ಪಿ. ಒಂದೇ, ಎಂ.ಎಸ್. ಸುಬ್ಬುಲಕ್ಷ್ಮಿಯವರ 1963ರ ವೆಂಕಟೇಶ ಸುಪ್ರಭಾತ. ಬೆಳಗಿನ ಜಾವ ನೀರು ಕಾಯುವವರೆಗೆ, ಅಂಗಳಕ್ಕೆ ರಂಗೋಲಿ ಬೀಳುವವರೆಗೆ ಅದು ಮುಗಿಯುತ್ತಿತ್ತು. ದಕ್ಷಿಣದ ಮನೆಮನೆಯಲ್ಲಿ ಆ ಧ್ವನಿಮುದ್ರಿಕೆ ಅಷ್ಟು ಗಟ್ಟಿಯಾಗಿ ನೆಲೆಸಿದ್ದಕ್ಕೆ ಭಕ್ತಿ ಕಾರಣ, ಆ ಕಂಠ ಕಾರಣ. ಆದರೆ ಅದು ಹೆಂಗಸರ ಕೈಗೆಲಸದ ವೇಳೆಗೆ ಹೊಂದಿಕೊಂಡದ್ದೂ ಒಂದು ಕಾರಣವೆಂದು ನನ್ನ ನಂಬಿಕೆ.

ಇಷ್ಟು ಹೊಳೆದ ಮೇಲೆ ಎರಡನೆಯ ಸರದಿಗೆ ನಾನು ಧೈರ್ಯ ಮಾಡಿ ಕಾಕಾನ ಪೆಟ್ಟಿಗೆಯಲ್ಲಿದ್ದ ಒಂದು 78ರ ತಟ್ಟೆ ಒಯ್ದೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಹಾಡಿದ್ದು. ಆ ಕಾಲದ ಕೆಲವು ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದಿದೆ. ಮುಳ್ಳು ಇಳಿಸಿದೊಡನೆ ಕೂತವರು ಬೆಚ್ಚಿದರು. ನಮಗೆಲ್ಲ ಗೊತ್ತಿದ್ದ ಗಂಗೂಬಾಯಿಯವರದು ಗಂಡುದನಿಯೆನ್ನುವಷ್ಟು ಗಂಭೀರವಾದ ಕಂಠ. ಇಲ್ಲಿ ಹಾಡುತ್ತಿದ್ದುದು ಎತ್ತರದ, ತೆಳುವಾದ, ಎಳೆಯ ದನಿ. ಗಂಟಲಿನ ತೊಂದರೆ, ಅದಕ್ಕಾದ ಚಿಕಿತ್ಸೆಗಳ ತರುವಾಯ ಅವರ ಕಂಠ ಇಳಿದು ಗಡುಸಾಯಿತು. “ಎಂಥಾ ದನಿ ಇತ್ತು ನೋಡ್ರಿ, ಹೋಗಿಬಿಡ್ತು” ಎಂದು ಒಬ್ಬರು ನಿಟ್ಟುಸಿರು ಬಿಟ್ಟರು. ರಾಯರಿಗೆ ಮೂರು ನಿಮಿಷದ ಸಂಗೀತವೆಂದರೆ ಮೊದಲಿನಿಂದಲೂ ತಾತ್ಸಾರ. “ಇದು ಪೋಸ್ಟ್‌ಕಾರ್ಡ್ ಇದ್ದಂಗ. ರಾಗದ ಸುದ್ದಿ ತಿಳೀತದ, ರಾಗ ಸಿಗೂದಿಲ್ಲ” ಎಂದರು.

ನಾನು ಎರಡು ಮಾತಿಗೂ ಒಪ್ಪಲಿಲ್ಲ. ಪೋಸ್ಟ್‌ಕಾರ್ಡಿನಲ್ಲಿ ಜೀವನ ತಿರುಗಿಸುವ ಸುದ್ದಿ ಬರುವುದಿಲ್ಲವೆ? ಗದಗಿನ ಹುಡುಗ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರ್ಷದವರಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಅದಕ್ಕೆ ಕಾರಣ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ರಿಕಾರ್ಡು. ಝಿಂಜೋಟಿ ರಾಗದ ಆ ಸಣ್ಣ ತಟ್ಟೆಯಲ್ಲಿ ಖಾನಸಾಹೇಬರು ಅವಸರ ಮಾಡುವುದೇ ಇಲ್ಲ. ಹೊತ್ತು ಕಡಿಮೆಯೆಂದು ಓಡುವವರಿದ್ದಾರೆ, ಹೊತ್ತು ಕಡಿಮೆಯೆಂದು ಬೇಡವಾದದ್ದನ್ನು ಬಿಡುವವರಿದ್ದಾರೆ. ಅವರು ಎರಡನೆಯ ಬಗೆಯವರು. ಇದ್ದದ್ದರಲ್ಲಿ ಸಂಸಾರ ತೂಗಿಸುವ ಹೆಂಗಸರಿಗೆ ಈ ಕಲೆ ಬೇಗ ತಿಳಿಯುತ್ತದೆ.

ಗಂಗೂಬಾಯಿಯವರೂ ಚಿಕ್ಕಂದಿನಲ್ಲಿ ಧಾರವಾಡದ ಬೀದಿಯಲ್ಲಿ ಗ್ರಾಮಾಫೋನಿನ ದನಿ ಕೇಳಿಸಿದರೆ ಹೊರಗೋಡಿ ಬಂದು ನಿಂತು ಕೇಳಿ, ಅದರಂತೆ ಹಾಡಲು ನೋಡುತ್ತಿದ್ದರಂತೆ. ತಟ್ಟೆಯ ಹಾಡು ಹುಡುಗನನ್ನೂ ಮುಟ್ಟಿತು, ಹುಡುಗಿಯನ್ನೂ ಮುಟ್ಟಿತು. ಆದರೆ ಹುಡುಗ ಊರು ಬಿಟ್ಟು ಓಡಬಹುದಾಗಿತ್ತು. ಗಂಗೂಬಾಯಿಯವರು ಮುಂದೆ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರಾತ್ರಿ ಮತ್ತೆ ಮನೆಗೆ ಬರುತ್ತಿದ್ದರು. ಹೆಣ್ಣಿನ ವಿದ್ಯೆಗೆ ಹೋಗುವ ಗಾಡಿಯಷ್ಟೇ ಅಲ್ಲ, ಬರುವ ಗಾಡಿಯ ವೇಳೆಯೂ ಗೊತ್ತಿರಬೇಕು.

ಇನ್ನು ದನಿ ಹೋಯಿತೆಂಬ ಮಾತು. ಆ ಎಳೆಯ ದನಿ ಚೆಂದವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಮೊದಲಿನ ತಟ್ಟೆಯಲ್ಲಿ ಜಾಣೆಯಾದ ಹುಡುಗಿ ಕೊಟ್ಟ ಮೂರು ನಿಮಿಷದಲ್ಲಿ ಬಂದದ್ದನ್ನೆಲ್ಲ ಒಪ್ಪಿಸಿ ಮುಗಿಸುತ್ತಾಳೆ; ತಾನುಗಳು ಪಟಪಟನೆ ಬೀಳುತ್ತವೆ. ನಂತರದ ಎಲ್.ಪಿ.ಗಳ ಗಂಗೂಬಾಯಿಯವರಿಗೆ ಯಾರಿಗೂ ಏನನ್ನೂ ಒಪ್ಪಿಸಬೇಕಾಗಿಲ್ಲ. ಮಾರವಾದಂಥ ರಾಗದಲ್ಲಿ ಷಡ್ಜಕ್ಕೆ ಬೇಗ ಮುಟ್ಟದೆ ಕೇಳುವವರನ್ನು ಕಾಯಿಸುತ್ತಾರೆ. ಸ್ವರದಿಂದ ಸ್ವರಕ್ಕೆ ಹೋಗುವಾಗ ತೂಕದ ಹೆಜ್ಜೆ. ಎಷ್ಟೋ ಕಡೆ ಮಗಳು ಕೃಷ್ಣಾ ಅವರ ದನಿ ಜೊತೆಗಿರುತ್ತದೆ. ತಾಯಿಯ ದಪ್ಪ ದನಿಯ ಪಕ್ಕದಲ್ಲಿ ಮಗಳ ಹಗುರ ದನಿ ಕೇಳುವಾಗ ಹಳೆಯ ತಟ್ಟೆಯ ಹುಡುಗಿ ಎಲ್ಲಿಯೂ ಹೋಗಿಲ್ಲ ಅನಿಸುತ್ತದೆ. ಹೆಣ್ಣಿನ ದನಿ ಸಣ್ಣದಾಗಿ, ಇಂಪಾಗಿ ಇರಬೇಕೆಂಬುದು ಕೇಳುವವರ ಆಸೆ. ರಾಗಕ್ಕೆ ಆ ಹಟವಿಲ್ಲ. 2009ರಲ್ಲಿ ತೀರಿಕೊಳ್ಳುವವರೆಗೂ ‘ಬಾಯಿ’ಯಾಗಿಯೇ ಉಳಿದು, ದನಿಯಲ್ಲಿ ಯಾವ ಬಾಯಿತನವನ್ನೂ ತೋರಿಸದೆ ಗೆದ್ದವರು ಅವರು.

ಇದನ್ನೆಲ್ಲ ಹೇಳಿದಾಗ ರಾಯರು ಸುಮ್ಮನೆ ಕೇಳಿದರು. ನಮ್ಮ ಗುಂಪಿನಲ್ಲಿರುವ ಇನ್ನೊಬ್ಬ ಹೆಂಗಸು, ನಿವೃತ್ತರಾದ ನರ್ಸಬಾಯಿ, ಮಾತ್ರ ಬಂದು ನನ್ನ ಕೈ ಹಿಡಿದುಕೊಂಡರು. ಮರು ತಿಂಗಳು ಅವರು ‘ಕಾಲ್ ಆಫ್ ದಿ ವ್ಯಾಲಿ’ ತಂದರು. 1967ರ ಈ ಎಲ್.ಪಿ.ಯಲ್ಲಿ ಶಿವಕುಮಾರ ಶರ್ಮಾರ ಸಂತೂರ, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜಭೂಷಣ ಕಾಬ್ರಾರ ಗಿಟಾರು ಸೇರಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಹೇಳುತ್ತವೆ. ಬೆಳಗಿನ ಅಹಿರ್ ಭೈರವದಿಂದ ಹೊರಟು ಪಹಾಡಿಗೆ ಮುಗಿಯುತ್ತದೆ. ಬಲ್ಲವರಲ್ಲಿ ಕೆಲವರಿಗೆ ಇದು ಹಗುರ; ತುಣುಕು ತುಣುಕು ರಾಗ, ಚಿತ್ರಕ್ಕೆ ತಕ್ಕ ಸಂಗೀತ ಎನ್ನುತ್ತಾರೆ. ನರ್ಸಬಾಯಿ ಹೇಳಿದ್ದು ಇಷ್ಟೇ: “ರಾತ್ರಿ ಡ್ಯೂಟಿ ಮುಗಿಸಿ ಮನೀಗೆ ಬಂದಾಗ ಎಲ್ಲಾರಿಗೂ ಬೆಳಗಾಗಿರ್ತಿತ್ತು, ನನಗ ಆಗಿರ್ತಿದ್ದಿಲ್ಲ. ಇದನ್ನ ಹಚ್ಚಿದ ಮ್ಯಾಲೆ ನನಗೂ ಬೆಳಗಾಗ್ತಿತ್ತು.” ನಮ್ಮ ಗುಂಪಿನಲ್ಲಿ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಆ ಮಾತಿನ ಮೇಲೆ ಕೇಳಿದರೆ, ಸಂತೂರದ ಹನಿ ಬೀಳುವುದೂ ಕೊಳಲು ಅದರ ಮೇಲೆ ಮೆಲ್ಲಗೆ ಏಳುವುದೂ ಚಿತ್ರದ ಸಂಗೀತವೆನಿಸುವುದಿಲ್ಲ. ನಿದ್ದೆಗೆಟ್ಟ ಕಣ್ಣು ಬೆಳಕಿಗೆ ಹೊಂದಿಕೊಳ್ಳುವ ಹಾಗೆ ಕೇಳಿಸುತ್ತದೆ.

ನನಗೆ ಕಂಡದ್ದು ಇದು. ಅಭಿರುಚಿಯನ್ನು ನಾವು ಕಿವಿಯ ಗುಣವೆಂದು ತಿಳಿಯುತ್ತೇವೆ. ಅರ್ಧ ಅದು ಬಿಡುವಿನ ಗುಣ. ಇಪ್ಪತ್ತು ನಿಮಿಷ ಅಲುಗದೆ ಕೂರಬಲ್ಲವರಿಗೆ ವಿಲಂಬಿತ ಖ್ಯಾಲು ಸೇರುತ್ತದೆ. ಮೂರೇ ನಿಮಿಷ ಸಿಕ್ಕವರಿಗೆ ಠುಮ್ರಿ, ಭಾವಗೀತೆ, ಎಸ್. ಜಾನಕಿಯವರ ಸಿನಿಮಾ ಹಾಡು ಸೇರುತ್ತದೆ. ಆಮೇಲೆ ಕೂತವರು ನಿಂತವರನ್ನು ನೋಡಿ ‘ಇವರದು ಹಗುರ ಅಭಿರುಚಿ’ ಎನ್ನುತ್ತಾರೆ. ವಿಚಿತ್ರ ನೋಡಿ, ಈ ದೇಶದಲ್ಲಿ ರಿಕಾರ್ಡು ಹೆಸರು ಮಾಡಿದ್ದೇ ಹೆಂಗಸರ ದನಿಯಿಂದ. ಅನೇಕ ಉಸ್ತಾದರು ಯಂತ್ರದ ಮುಂದೆ ಹಾಡಲು ಹಿಂಜರಿದಾಗ, 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಆ ಪದ್ಧತಿ. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅಂಥ ಕಲಾವಿದೆಯರನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳದ ಮನೆಗಳಲ್ಲಿಯೂ ಅವರ ದನಿ ಪಡಸಾಲೆಯಲ್ಲಿ ಗೌರವದಿಂದ ಕೂತಿತು. ಆ ಮನೆಯ ಹೆಣ್ಣುಮಕ್ಕಳು ಮಾತ್ರ ಒಳಗೇ ನಿಂತು ಕೇಳಿದರು.

ಅವ್ವನಿಗೆ ಈಗ ಎಂಬತ್ತೆರಡು. ಬಲಗಿವಿ ಮಂದವಾಗಿದೆ. ಕಾಕಾ ತೀರಿಕೊಂಡ ಮೇಲೆ ಪೆಟ್ಟಿಗೆಗಳೂ ಫಿಯೆಸ್ಟಾವೂ ನನ್ನ ಮನೆಗೆ ಬಂದಿವೆ. ಹೋದ ದಸರಾ ರಜೆಯಲ್ಲಿ ಒಂದು ಮುಂಜಾನೆ ಅವಳ ಕುರ್ಚಿಯನ್ನು ಪ್ಲೇಯರಿನ ಎದುರಿಗೇ ಹಾಕಿ, ಎಡಗಿವಿ ಅದರ ಕಡೆ ಬರುವಂತೆ ಕೂರಿಸಿ, ಗಂಗೂಬಾಯಿಯವರ ಎಲ್.ಪಿ. ಹಚ್ಚಿದೆ. ಅವಳು ಮೊದಲು ನೋಡಿದ್ದು ತಟ್ಟೆ ತಿರುಗುವುದನ್ನು. ಆಮೇಲೆ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ, “ಇದರ ಮೊದಲು ಹಿಂಗದ ಏನವಾ? ನನಗ ಗೊತ್ತ ಇದ್ದಿಲ್ಲ” ಎಂದಳು.

ಅಷ್ಟರಲ್ಲಿ ಕುಕ್ಕರು ಕೂಗಿತು. ಅವ್ವ ರೂಢಿಯಿಂದ ಏಳಹೋದಳು. “ಕೂಡವ್ವ, ನಾ ನೋಡ್ತೀನಿ” ಎಂದು ನಾನು ಎದ್ದೆ. ಅಡಿಗೆಮನೆಯ ಬಾಗಿಲು ದಾಟುವಾಗ ಹಿಂದಿನಿಂದ ಅವಳ ದನಿ ಬಂತು: “ಹಂಗಾರ ಅದನ್ನ ನಿಲ್ಲಸು. ನೀ ಬಂದ ಮ್ಯಾಲೆ ಹಚ್ಚೂಣಂತ.”

ನಾನು ಹಿಂದಿರುಗಿ ಮುಳ್ಳು ಎತ್ತಿಟ್ಟೆ. ಎತ್ತುವಾಗ ಕೈ ಸ್ವಲ್ಪ ನಡುಗಿತು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಹಾಡಿದ ಆ ಯಂತ್ರವನ್ನು ಅವ್ವನಿಗಾಗಿ ಯಾರೂ ಒಮ್ಮೆಯೂ ನಿಲ್ಲಿಸಿರಲಿಲ್ಲ. ಅದು ಯಾರ ತಪ್ಪೆಂದು ಈಗ ಹುಡುಕುವುದಿಲ್ಲ. ಕಾಕಾ ಕೆಟ್ಟವನಾಗಿರಲಿಲ್ಲ, ಅವನಿಗೆ ಹೊಳೆದಿರಲಿಲ್ಲ, ಅಷ್ಟೆ. ನನಗಾದರೂ ಎಲ್ಲಿ ಹೊಳೆದಿತ್ತು?

ಮುಂದಿನ ಎರಡನೆಯ ರವಿವಾರ ರಾಯರು ರಿಕಾರ್ಡು ಇಟ್ಟು ಮುಳ್ಳು ಇಳಿಸುವುದರಲ್ಲಿದ್ದರು. “ಸ್ವಲ್ಪ ತಡೀರಿ ರಾಯರ, ವೈನಿ ಬರ್ಲಿ” ಎಂದೆ. ಅವರಿಗೆ ಅರ್ಥವಾಗಲಿಲ್ಲ. “ಆಕಿಗೆ ಒಳಗಿಂದನೂ ಕೇಳಸ್ತದರಿ” ಎಂದರು. ನರ್ಸಬಾಯಿ ಎದ್ದು ಒಳಗೆ ಹೋಗಿ, ಚಹಾದ ಬೋಗುಣಿ ಕೆಳಗಿಳಿಸಿ, ವೈನಿಯನ್ನು ಕರೆತಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಅವರು ಎಲ್ಲಿ ಕೂರಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತರು. ತಮ್ಮದೇ ಪಡಸಾಲೆಯಲ್ಲಿ! ನಾನು ಸರಿದು ಜಾಗ ಮಾಡಿದೆ.

ಆ ಸಂಜೆ ಚಹಾ ಅರ್ಧ ತಾಸು ತಡವಾಗಿ ಬಂತು. ಮುಂದಿನ ತಿಂಗಳ ಸರದಿ ವೈನಿಯವರದು. ಯಾವ ರಿಕಾರ್ಡು ಎಂದು ಅವರಿನ್ನೂ ಹೇಳಿಲ್ಲ.