ನಾಟ್ಯಾಚಾರ್ಯರ ಪರೀಕ್ಷೆ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ವನ್ನು ಶಾಕುಂತಲದೊಡನೆ ತೂಗಿ, ಅದೊಂದು ಅಂತಃಪುರದ ಪ್ರಣಯಕಥೆಯೆಂದು ಬದಿಗಿಡುವುದು ವಿಮರ್ಶಕರಲ್ಲಿ ರೂಢಿಯಾಗಿದೆ. ಕಥಾವಸ್ತುವು ಲಘುವಾದುದೆಂಬುದು ಸತ್ಯವೇ. ಆದರೂ ಅದರ ಮೊದಲೆರಡು ಅಂಕಗಳಲ್ಲಿ ಕಲಾಶಿಕ್ಷಣವನ್ನು ಕುರಿತು ಬಂದಿರುವ ವಿಚಾರವು ಪಾಠಶಾಲೆಗಳ ಹೊಣೆ ಹೊತ್ತವರೆಲ್ಲರೂ ಮನನ ಮಾಡತಕ್ಕಷ್ಟು ಗಂಭೀರವಾದುದು.

ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರಲ್ಲಿ ಯಾರು ಮಿಗಿಲೆಂಬ ವಿವಾದವು ರಾಜನ ಮುಂದೆ ಬರುತ್ತದೆ. ಮಧ್ಯಸ್ಥಳಾದ ಪರಿವ್ರಾಜಿಕೆ ಕೌಶಿಕಿಯ ಅಭಿಪ್ರಾಯವು ಹೀಗಿದೆ: ಕೆಲವರ ವಿದ್ಯೆ ಅವರಲ್ಲಿಯೇ ಶೋಭಿಸುತ್ತದೆ, ಮತ್ತೆ ಕೆಲವರಿಗೆ ಅದನ್ನು ಇನ್ನೊಬ್ಬರಲ್ಲಿ ನೆಲೆಗೊಳಿಸುವ ಶಕ್ತಿಯುಂಟು, ಎರಡೂ ಉಳ್ಳವನೇ ಆಚಾರ್ಯರಲ್ಲಿ ಅಗ್ರಗಣ್ಯನು. ಆದಕಾರಣ ಆಚಾರ್ಯರು ತಾವು ನರ್ತಿಸಿ ಗೆಲ್ಲುವಂತಿಲ್ಲ. ಶಿಷ್ಯೆಯ ಪ್ರಯೋಗದಿಂದಲೇ ತೀರ್ಪಾಗಬೇಕು. ರಂಗಕ್ಕೆ ಬರುವವಳು ಶಿಷ್ಯೆ, ಪರೀಕ್ಷೆಗೊಳಗಾಗುವವನು ಗುರು. ಈ ಸೂಕ್ಷ್ಮವೇ ಆ ಪ್ರಕರಣದ ಸಾರ. ಪಾತ್ರವು ವೇಷಭೂಷಣಗಳ ಭಾರವಿಲ್ಲದೆ ಪ್ರವೇಶಿಸಲೆಂದೂ ಕೌಶಿಕಿ ವಿಧಿಸುತ್ತಾಳೆ. ವಾರ್ಷಿಕೋತ್ಸವದಲ್ಲಿ ಬಾಡಿಗೆಯ ಕಿರೀಟಗಳಿಂದ ಮಕ್ಕಳ ಅಭ್ಯಾಸದ ಕೊರತೆಯನ್ನು ಮರೆಸುವವರು ಈ ವಿಧಿಯನ್ನು ನೆನೆಯಬೇಕು.

ಗಣದಾಸನ ಚಿತ್ರಣದಲ್ಲಿ ಕವಿಯ ಗೌರವವು ಎದ್ದು ಕಾಣುತ್ತದೆ. ಪರಿಚಾರಿಕೆಯಾಗಿ ಬಂದ ಹುಡುಗಿಗೆ ಅವನು ಮನಸಾರೆ ಕಲಿಸುತ್ತಾನೆ; ತಾನು ತೋರಿದುದನ್ನು ಅವಳು ಇನ್ನಷ್ಟು ಸೊಗಸುಗೊಳಿಸಿ ತನಗೇ ಮರಳಿ ಕಲಿಸುವಂತಿದೆಯೆಂದು ಹಿಗ್ಗುತ್ತಾನೆ. ಶಿಷ್ಯೆಯ ಏಳಿಗೆಯಲ್ಲಿ ಮತ್ಸರವಿಲ್ಲದಿರುವುದೇ ಗುರುತ್ವದ ಲಕ್ಷಣವಲ್ಲವೆ? ವಿದ್ಯೆಯನ್ನು ಕೇವಲ ಹೊಟ್ಟೆಪಾಡಿಗಾಗಿ ಇಟ್ಟುಕೊಂಡು ಪರೀಕ್ಷೆಗೆ ಹೆದರುವವನನ್ನು ವರ್ತಕನೆಂದು ಜರೆಯುವವನೂ ಇವನೇ.

ಆದರೆ ಕವಿಯು ಇಲ್ಲೊಂದು ಕಹಿಯನ್ನೂ ಬೆರೆಸಿದ್ದಾನೆ. ಈ ಪರೀಕ್ಷೆಯೆಲ್ಲವೂ ರಾಜನಿಗೆ ಮಾಲವಿಕೆಯ ದರ್ಶನವಾಗಲೆಂದು ವಿದೂಷಕನು ಹೂಡಿದ ಉಪಾಯ. ಅವಳು ನಾಲ್ಕು ಪಾದಗಳ ಗೀತವನ್ನು ಹಾಡಿ ಅಭಿನಯಿಸಿದೊಡನೆ ರಾಜನ ಕಾರ್ಯವು ಮುಗಿಯಿತು. ಹರದತ್ತನು ತನ್ನ ಪ್ರಯೋಗವನ್ನೂ ನೋಡಬೇಕೆಂದು ಬೇಡುವಷ್ಟರಲ್ಲಿ ಮಧ್ಯಾಹ್ನವಾಯಿತೆಂಬ ಘೋಷ ಕೇಳಿಬರುತ್ತದೆ. ‘ನಾಳೆ ನೋಡೋಣ’ ಎಂಬ ಉತ್ತರ ದೊರೆಯುತ್ತದೆ. ಆ ನಾಳೆಯು ಐದು ಅಂಕಗಳು ಮುಗಿದರೂ ಬರುವುದಿಲ್ಲ. ಪ್ರೇಕ್ಷಕರು ನಕ್ಕು ಮುಂದೆ ಸಾಗುತ್ತಾರೆ. ಸಿದ್ಧತೆ ಮಾಡಿಕೊಂಡು ಬಂದ ಆಚಾರ್ಯನು ಮರೆಯಾಗುತ್ತಾನೆ.

ಗುರುವನ್ನು ಸಿದ್ಧಗೊಳಿಸದೆ ಕಲೆಯು ಶಿಷ್ಯನಿಗೆ ಇಳಿಯದೆಂಬ ವಿವೇಕವು ಈಚಿನವರಿಗೂ ಇಲ್ಲದಿಲ್ಲ. 1979ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರಕ್ಕೆ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಕಪಿಲಾ ವಾತ್ಸ್ಯಾಯನರೂ ಮೂಲಪ್ರೇರಕರು. ಅದು ಶಾಲೆಗಳ ಉಪಾಧ್ಯಾಯರಿಗೆ ಕಲೆಯನ್ನು ಪಾಠದೊಡನೆ ಬೆಸೆಯುವ ಬಗೆಯನ್ನು ಕಲಿಸುತ್ತ ಬಂದಿದೆ. 10ರಿಂದ 14 ವರ್ಷದ ಬಾಲಕ ಬಾಲಿಕೆಯರಿಗೆ ಕಲಾಭ್ಯಾಸಕ್ಕೆ ವಿದ್ಯಾರ್ಥಿವೇತನವನ್ನೂ ಏರ್ಪಡಿಸಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಮ್ ರಂಗಶಿಕ್ಷಣ ಕೇಂದ್ರವು, ನಾಟ್ಯವಿದ್ಯೆಗೆ ರಾಜಧಾನಿಯೇ ಬೇಕೆಂಬ ಭ್ರಮೆಯನ್ನು ಕಳೆಯಿತು.

ಇಂತಹ ಕಡೆಗಳಲ್ಲಿ ಕಲಿತ ಉಪಾಧ್ಯಾಯನು ತನ್ನ ಶಾಲೆಗೆ ಮರಳಿದ ಬಳಿಕ ಏನಾಗುತ್ತದೆಂಬುದೇ ನಿಜವಾದ ಪ್ರಶ್ನೆ. ಪರೀಕ್ಷೆ ಸಮೀಪಿಸಿತೆಂದು ಸಂಗೀತದ ಅವಧಿಯು ಗಣಿತಕ್ಕೆ ಸಂದುಹೋದರೆ, ಅತಿಥಿಗಳು ಬರುವ ದಿನ ಮಾತ್ರ ಮಕ್ಕಳ ನಾಟಕಕ್ಕೆ ಕರೆ ಬಂದರೆ, ಅವನೂ ಹರದತ್ತನೇ. ಅವನ ತರಬೇತಿಗೆ ಮಾಡಿದ ವೆಚ್ಚವು ಬೀಜವನ್ನು ಕೊಂಡು ಕಣಜದಲ್ಲಿಯೇ ಕೊಳೆಯಿಸಿದಂತೆ. ಹುಡುಗನಿಗೆ ಹನ್ನೊಂದನೆಯ ವಯಸ್ಸಿನಲ್ಲಿ ತಪ್ಪಿಹೋದ ತಾಳಜ್ಞಾನವನ್ನು ಮೂವತ್ತರಲ್ಲಿ ತಂದುಕೊಡುವುದು ಸುಲಭವಲ್ಲ.

ಆದುದರಿಂದ ‘ಮಾಲವಿಕಾಗ್ನಿಮಿತ್ರ’ವನ್ನು ಉಪಾಧ್ಯಾಯರ ತರಬೇತಿ ಶಾಲೆಗಳಲ್ಲಿ ಓದಿಸುವುದು ಯುಕ್ತ. ಗಣದಾಸನಿಂದ ಉಪಾಧ್ಯಾಯನು ಕಲಿಯಲಿ. ಶಾಲೆಗಳ ಅಧಿಕಾರಿಗಳು ಹರದತ್ತನ ಆ ‘ನಾಳೆ’ಯಿಂದ ಕಲಿಯಲಿ.